ರಗ್ಬಿ ಎರಡಾದ ಕಥೆ

ಆಟಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲವೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಬಯಲಿಗೆ ಇಳಿದ ಮೇಲೆ ಈ ಮಾತು ಬಹುಮಟ್ಟಿಗೆ ನಿಜ; ಓಡುವವನ ಕಾಲಿಗೆ ಅವನ ತಂದೆಯ ಆಸ್ತಿಯ ಲೆಕ್ಕ ತಿಳಿಯದು. ಆದರೆ ಬಯಲಿಗೆ ಇಳಿಯುವ ಮೊದಲೇ ಏಳುವ ಪ್ರಶ್ನೆಯೊಂದಿದೆ. ಆಡಲು ಯಾರಿಗೆ ಬಿಡುವಿದೆ? ಆಡಲು ಹೋದ ದಿನದ ಕೂಲಿ ತಪ್ಪಿದರೆ ಮನೆಯ ಒಲೆ ಉರಿಯುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಎಷ್ಟು ತೀವ್ರವಾಯಿತೆಂದರೆ, ಅದರಿಂದಾಗಿ ಒಂದು ಆಟವೇ ಸೀಳಿ ಎರಡಾಯಿತು. ಆ ಆಟದ ಹೆಸರು ರಗ್ಬಿ. ರಗ್ಬಿ ಯೂನಿಯನ್, ರಗ್ಬಿ ಲೀಗ್ ಎಂಬ ಎರಡು ಹೆಸರುಗಳಿಂದ, ಎರಡು ಬಗೆಯ ನಿಯಮಗಳಿಂದ ಅದು ಇಂದಿಗೂ ನಡೆಯುತ್ತಿದೆ.

ನಮ್ಮ ನಾಡಿನಲ್ಲಿ ರಗ್ಬಿಯನ್ನು ಕಣ್ಣಾರೆ ಕಂಡವರು ಹೆಚ್ಚಿಲ್ಲ. ಆದುದರಿಂದ ಆಟದ ಸ್ವರೂಪವನ್ನು ಮೊದಲು ತಿಳಿಯುವುದು ಒಳ್ಳೆಯದು. ಇದರ ಚೆಂಡು ಗುಂಡಗಿರದೆ ಮೊಟ್ಟೆಯ ಆಕಾರದಲ್ಲಿರುತ್ತದೆ. ಆಟಗಾರನು ಅದನ್ನು ಒದೆಯಬಹುದು, ಕೈಯಲ್ಲಿ ಹಿಡಿದು ಓಡಲೂಬಹುದು. ಕೈಯಿಂದ ಎಸೆಯುವಾಗ ಮಾತ್ರ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕದಲ್ಲಿ ಅಥವಾ ಹಿಂದೆ ಇರುವ ಜೊತೆಗಾರನಿಗೇ ಎಸೆಯಬೇಕು. ಚೆಂಡು ಹಿಡಿದು ನುಗ್ಗುವವನನ್ನು ಎದುರಾಳಿಗಳು, ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿಯುವಂತೆ, ತೋಳುಗಳಿಂದ ತಬ್ಬಿ ನೆಲಕ್ಕೆ ಕೆಡಹುತ್ತಾರೆ. ಹೀಗೆ ನುಗ್ಗಿ ಎದುರು ಪಕ್ಷದ ಗೋಲುಗೆರೆಯನ್ನು ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದಕ್ಕೆ ‘ಟ್ರೈ’ ಎಂದು ಹೆಸರು. ಟ್ರೈ ಎಂದರೆ ಪ್ರಯತ್ನ. ಮೊದಮೊದಲು ಇದಕ್ಕೆ ಅಂಕವೇ ಇರಲಿಲ್ಲ. ಗೋಲಿಗೆ ಒದೆಯಲು ಪ್ರಯತ್ನಿಸುವ ಹಕ್ಕು ಮಾತ್ರ ದೊರೆಯುತ್ತಿತ್ತು. ಇಂದು ಯೂನಿಯನ್ನಿನಲ್ಲಿ ಟ್ರೈಗೆ 5 ಅಂಕಗಳು, ಲೀಗಿನಲ್ಲಿ 4. ಯೂನಿಯನ್ ತಂಡದಲ್ಲಿ 15 ಮಂದಿ ಆಡಿದರೆ ಲೀಗ್ ತಂಡದಲ್ಲಿ 13 ಮಂದಿ ಆಡುತ್ತಾರೆ.

ಈ ಆಟಕ್ಕೆ ಹೆಸರು ಕೊಟ್ಟುದು ಇಂಗ್ಲೆಂಡಿನ ವಾರಿಕ್‌ಷೈರಿನಲ್ಲಿರುವ ರಗ್ಬಿ ಎಂಬ ಊರಿನ ಶಾಲೆ. ಅಂಥ ಶಾಲೆಗಳನ್ನು ಆ ದೇಶದಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದು ಕರೆಯುವುದು ವಾಡಿಕೆ. ಹೆಸರಿಗೆ ಸಾರ್ವಜನಿಕವಾದರೂ ಅವು ಹೆಚ್ಚಿನ ಶುಲ್ಕ ತೆರಬಲ್ಲ ಕುಟುಂಬಗಳ ಮಕ್ಕಳಿಗಾಗಿಯೇ ಇದ್ದವು. 1823ರಲ್ಲಿ ವಿಲಿಯಂ ವೆಬ್ ಎಲ್ಲಿಸ್ ಎಂಬ ಬಾಲಕನು ಕಾಲ್ಚೆಂಡಾಟದ ನಡುವೆ ನಿಯಮವನ್ನು ಲೆಕ್ಕಿಸದೆ ಚೆಂಡನ್ನು ಎತ್ತಿಕೊಂಡು ಓಡಿದನೆಂದೂ, ಅಂದೇ ರಗ್ಬಿ ಹುಟ್ಟಿತೆಂದೂ ಒಂದು ಕಥೆಯುಂಟು. ಕಥೆ ಸೊಗಸಾಗಿದೆ, ಆದರೆ ಅದನ್ನು ಕಣ್ಣಾರೆ ಕಂಡವರ ಸಾಕ್ಷ್ಯವಿಲ್ಲ. ಎಲ್ಲಿಸನು ತೀರಿಕೊಂಡುದು 1872ರಲ್ಲಿ. ಕಥೆ ಪ್ರಚಾರಕ್ಕೆ ಬಂದುದು ಅದರ ಅನಂತರ. ಅದಕ್ಕಿಂತ ಗಟ್ಟಿಯಾದ ಸಂಗತಿಯೆಂದರೆ, 1845ರಲ್ಲಿ ಆ ಶಾಲೆಯ ವಿದ್ಯಾರ್ಥಿಗಳೇ ಕುಳಿತು ಆಟದ ನಿಯಮಗಳನ್ನು ಬರೆದಿಟ್ಟರು. ಶಾಲೆಯಿಂದ ಹೊರಬಿದ್ದವರು ವಿಶ್ವವಿದ್ಯಾನಿಲಯಗಳಿಗೆ, ಸೈನ್ಯಕ್ಕೆ, ವ್ಯಾಪಾರಕ್ಕೆ ಹೋದಂತೆ ಆಟವೂ ಅವರೊಡನೆ ಹೋಯಿತು. 1871ರಲ್ಲಿ ಲಂಡನ್ನಿನಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಸ್ಥಾಪಿತವಾಯಿತು. ಅದರ ನಿಯಮಾವಳಿಯನ್ನು ರಚಿಸಿದ ಮೂವರೂ ರಗ್ಬಿ ಶಾಲೆಯಲ್ಲಿ ಓದಿದ ವಕೀಲರಾಗಿದ್ದರು.

ಇಲ್ಲಿ ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. 1873ರಲ್ಲಿ ಕಲ್ಕತ್ತೆಯಲ್ಲಿದ್ದ ಬ್ರಿಟಿಷರು ಒಂದು ರಗ್ಬಿ ಕ್ಲಬ್ಬನ್ನು ಕಟ್ಟಿಕೊಂಡರು. ಅದು ಹೆಚ್ಚು ದಿನ ಬಾಳಲಿಲ್ಲ. 1878ರಲ್ಲಿ ಕ್ಲಬ್ಬನ್ನು ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿಯ ರೂಪಾಯಿಗಳಾಗಿ ಪಡೆದು, ಅವನ್ನು ಕರಗಿಸಿ, ನಾಗರಹಾವಿನ ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಒಂದು ಬಟ್ಟಲನ್ನು ಮಾಡಿಸಿ ಲಂಡನ್ನಿನ ಯೂನಿಯನ್ನಿಗೆ ಕೊಟ್ಟರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಸೆಣಸುತ್ತ ಬಂದಿರುವುದು ಈ ‘ಕಲ್ಕತ್ತಾ ಕಪ್’ಗಾಗಿಯೇ. ಇಷ್ಟು ದೂರ ಸಾಗಿದ ಆಟವು ಇಂಗ್ಲೆಂಡಿನಲ್ಲಿ ಮಾತ್ರ ಬಹುಕಾಲ ಸಿರಿವಂತ ಮನೆಗಳ ಅಂಗಳದಲ್ಲೇ ಉಳಿದಿತ್ತು.

ಅದನ್ನು ಅಲ್ಲಿಂದ ಹೊರಗೆ ತಂದವರು ಉತ್ತರದ ಗಿರಣಿ ಕಾರ್ಮಿಕರು. ಯಾರ್ಕ್‌ಷೈರ್ ಮತ್ತು ಲ್ಯಾಂಕಷೈರ್ ಪ್ರಾಂತಗಳು ಉಣ್ಣೆ, ಹತ್ತಿ, ಕಲ್ಲಿದ್ದಲುಗಳ ನಾಡು. ಬಟ್ಟೆಯ ಗಿರಣಿಗಳು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಿಸಬೇಕೆಂದು 1850ರ ಕಾನೂನು ವಿಧಿಸಿತ್ತು. ವಾರವೆಲ್ಲ ಯಂತ್ರಗಳ ಸದ್ದಿನಲ್ಲಿ ದುಡಿದವರಿಗೆ ಆ ಅರ್ಧ ದಿನವೇ ಹಬ್ಬ. ಚರ್ಚು, ಕಾರ್ಖಾನೆ, ಪಾನಗೃಹ, ಬೀದಿ, ಹೀಗೆ ಒಂದೊಂದರ ಹೆಸರಿನಲ್ಲೂ ಒಂದೊಂದು ತಂಡ ಹುಟ್ಟಿಕೊಂಡಿತು. 1877ರಲ್ಲಿ ಯಾರ್ಕ್‌ಷೈರ್ ಕಪ್ ಪಂದ್ಯಾವಳಿ ಆರಂಭವಾದ ಮೇಲಂತೂ ಊರಿಗೆ ಊರೇ ಬಯಲಿನ ಸುತ್ತ ನೆರೆಯತೊಡಗಿತು. ಪ್ರವೇಶಧನದಿಂದ ಕ್ಲಬ್ಬುಗಳ ಬೊಕ್ಕಸ ತುಂಬಿತು. ಆದರೆ ದೂರದ ಊರಿಗೆ ಆಡಲು ಹೋಗಬೇಕಾದ ಆಟಗಾರನು ಶನಿವಾರ ಬೆಳಗ್ಗೆಯೇ ಗಿರಣಿಯನ್ನೋ ಗಣಿಯನ್ನೋ ಬಿಟ್ಟು ರೈಲು ಹತ್ತಬೇಕಾಗಿತ್ತು. ಆ ಹೊತ್ತಿನ ಕೂಲಿ ಹೋಯಿತು. ಬಿದ್ದು ಮೂಳೆ ಮುರಿದುಕೊಂಡರೆ ವಾರಗಟ್ಟಲೆ ಕೂಲಿ ಹೋಯಿತು. ನೋಡಲು ಬಂದ ಸಾವಿರಾರು ಜನ ಕೊಟ್ಟ ಹಣದಲ್ಲಿ ಅವನಿಗೆ ಒಂದು ಕಾಸೂ ಇಲ್ಲ. ಹೀಗೆ ಕಳೆದುಹೋದ ದುಡಿಮೆಯ ಸಮಯವನ್ನು ಆ ಜನ ‘ಮುರಿದ ಹೊತ್ತು’ ಎಂದು ಕರೆಯುತ್ತಿದ್ದರು. ಆಡಿದ್ದಕ್ಕೆ ಸಂಬಳ ಬೇಡ, ಮುರಿದ ಹೊತ್ತಿನ ಕೂಲಿಯನ್ನಾದರೂ ತುಂಬಿಕೊಡಿ ಎಂಬುದು ಅವರ ಬೇಡಿಕೆ.

ಲಂಡನ್ನಿನ ಮುಖಂಡರಿಗೆ ಇದು ಅಪಾಯವೆಂದು ಕಂಡಿತು. ಅವರ ಭಯಕ್ಕೆ ಕಾರಣ ಕಾಲ್ಚೆಂಡಾಟದಲ್ಲಿ ನಡೆದ ಘಟನೆಗಳು. 1883ರಲ್ಲಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ, ಪ್ರಸಿದ್ಧ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು ಬ್ಲ್ಯಾಕ್‌ಬರ್ನ್ ಎಂಬ ಗಿರಣಿ ಪಟ್ಟಣದ ಕಾರ್ಮಿಕರ ತಂಡವೊಂದು ಸೋಲಿಸಿತು. ಎರಡು ವರ್ಷಗಳ ಬಳಿಕ ಕಾಲ್ಚೆಂಡಾಟದಲ್ಲಿ ವೃತ್ತಿಪರತೆಗೆ ಅಧಿಕೃತ ಮನ್ನಣೆ ದೊರೆಯಿತು. ಅನಂತರ ಸಿರಿವಂತ ಶಾಲೆಗಳ ತಂಡಗಳು ಆ ಆಟದಲ್ಲಿ ಮುಂಚೂಣಿಗೆ ಮರಳಲೇ ಇಲ್ಲ. ರಗ್ಬಿಯಲ್ಲೂ ಹೀಗಾಗಬಾರದೆಂದು 1886ರಲ್ಲಿ ಯೂನಿಯನ್ ಯಾವ ರೂಪದಲ್ಲೂ ಹಣ ಕೊಡಕೂಡದೆಂದು ನಿಷೇಧಿಸಿತು. ಆಟವನ್ನು ಆಟಕ್ಕಾಗಿಯೇ ಆಡಬೇಕು, ಹಣ ಮುಟ್ಟಿದರೆ ಅದು ಮಲಿನವಾಗುತ್ತದೆ ಎಂಬ ಹವ್ಯಾಸಿ ಆದರ್ಶವನ್ನು ಅವರು ಎತ್ತಿಹಿಡಿದರು. ಕೇಳಲು ಇದು ಉದಾತ್ತವಾಗಿಯೇ ಇದೆ. ಅದನ್ನು ಪ್ರಾಮಾಣಿಕವಾಗಿ ನಂಬಿದವರೂ ಇದ್ದರು. ಆದರೆ ಜಮೀನಿನ ಆದಾಯದಿಂದಲೋ ವಕೀಲಿಯ ಶುಲ್ಕದಿಂದಲೋ ಬದುಕುವವನಿಗೆ ಒಂದು ಶನಿವಾರ ಆಡಿದರೆ ಹೋಗುವುದೇನೂ ಇಲ್ಲ. ಹೋಗುವುದು ಉಳ್ಳವನನ್ನೂ ಏನೂ ಹೋಗದವನನ್ನೂ ಒಂದೇ ನಿಯಮದಿಂದ ಅಳೆದರೆ ಆ ನಿಯಮ ಸಮಾನವೆನಿಸೀತೇ?

1893ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ನಡೆದ ಯೂನಿಯನ್ನಿನ ಸಭೆಯಲ್ಲಿ ಯಾರ್ಕ್‌ಷೈರಿನ ಪ್ರತಿನಿಧಿಗಳು ಮುರಿದ ಹೊತ್ತಿನ ಪರಿಹಾರಕ್ಕಾಗಿ ಗೊತ್ತುವಳಿಯನ್ನು ಮಂಡಿಸಿದರು. ಉತ್ತರದಿಂದ ಪ್ರತಿನಿಧಿಗಳು ವಿಶೇಷ ರೈಲಿನಲ್ಲಿ ಬಂದಿದ್ದರು. ವಿರೋಧಿಗಳು ಸಭೆಗೆ ಬಾರದ ಕ್ಲಬ್ಬುಗಳ ಬದಲಿ ಮತಗಳನ್ನು ಮೊದಲೇ ಸಂಗ್ರಹಿಸಿ ಇಟ್ಟುಕೊಂಡಿದ್ದರು. ಗೊತ್ತುವಳಿಗೆ ಬಂದ ಮತಗಳು 136; ವಿರುದ್ಧವಾಗಿ ಬಿದ್ದವು 282. ಎರಡು ವರ್ಷ ಜಗ್ಗಾಟ ನಡೆದು, 1895ರ ಆಗಸ್ಟ್ 29ರಂದು ಹಡ್ಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ 21 ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ, ಯೂನಿಯನ್ನಿನಿಂದ ಹೊರಬಂದು, ‘ನಾರ್ದರ್ನ್ ಯೂನಿಯನ್’ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿದರು. ಮುರಿದ ಹೊತ್ತಿಗಾಗಿ ಅವರು ಗೊತ್ತುಪಡಿಸಿದ ಪರಿಹಾರ ದಿನಕ್ಕೆ ಆರು ಷಿಲಿಂಗ್. ಒಂದು ಆಟ ಸೀಳಿದುದು ಇಷ್ಟು ಸಣ್ಣ ಮೊತ್ತಕ್ಕಾಗಿ.

ಆ ಹೋಟೆಲಿನಲ್ಲಿ ಕೂಡಿದವರನ್ನು ಕ್ರಾಂತಿಕಾರಿಗಳೆಂದು ಭಾವಿಸಬೇಕಾಗಿಲ್ಲ. ಕ್ಲಬ್ಬುಗಳ ಆಡಳಿತ ವ್ಯಾಪಾರಿಗಳ, ಗಿರಣಿಯವರ, ಪಾನಗೃಹಗಳ ಒಡೆಯರ ಕೈಯಲ್ಲಿತ್ತು. ಒಳ್ಳೆಯ ಆಟಗಾರರನ್ನು ಉಳಿಸಿಕೊಂಡು ಜನರನ್ನು ಆಕರ್ಷಿಸಬೇಕೆಂಬ ಲೆಕ್ಕಾಚಾರವೂ ಅವರಿಗಿತ್ತು. 1898ರಲ್ಲಿ ಸಂಭಾವನೆಗೆ ಬಹಿರಂಗವಾಗಿ ಒಪ್ಪಿಗೆ ಕೊಟ್ಟಾಗಲೂ, ಆಟಗಾರನು ಬೇರೊಂದು ನಿಜವಾದ ಉದ್ಯೋಗದಲ್ಲಿ ಇರಲೇಬೇಕೆಂಬ ಷರತ್ತನ್ನು ಹಾಕಿದರು. ಆದರೂ ಪ್ರೇಕ್ಷಕರ ಕಾಸಿನಿಂದಲೇ ಆಟ ಬದುಕಬೇಕಾಗಿದ್ದುದರಿಂದ, ನೋಡುವವರಿಗೆ ಹಿಡಿಸುವಂತೆ ಆಟವನ್ನೇ ತಿದ್ದುತ್ತ ಹೋದರು. 1906ರಲ್ಲಿ ಆಟಗಾರರ ಸಂಖ್ಯೆಯನ್ನು 13ಕ್ಕೆ ಇಳಿಸಿದರು. ಗುಂಪುಗೂಡಿ ತಳ್ಳಾಡುವುದು ಕಡಿಮೆಯಾಗಿ ಓಟ ಹೆಚ್ಚಿತು. 1922ರಲ್ಲಿ ಸಂಸ್ಥೆಯ ಹೆಸರು ‘ರಗ್ಬಿ ಫುಟ್‌ಬಾಲ್ ಲೀಗ್’ ಎಂದಾಯಿತು. ಇತ್ತ ಯೂನಿಯನ್, ಲೀಗಿನಲ್ಲಿ ಒಮ್ಮೆ ಆಡಿದವನು ಜೀವಮಾನವಿಡೀ ತನ್ನ ಬಯಲಿಗೆ ಕಾಲಿಡಕೂಡದೆಂದು ಬಹಿಷ್ಕರಿಸಿತು. ಹಣ ಪಡೆಯದೆ ಆಡಿದವನಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಉತ್ತರದ ಬಲವನ್ನು ಕಳೆದುಕೊಂಡ ಇಂಗ್ಲೆಂಡ್ ಯೂನಿಯನ್ ತಂಡವು 1892ರ ಅನಂತರ 1910ರವರೆಗೆ ಒಮ್ಮೆಯೂ ಬ್ರಿಟನ್ನಿನ ರಾಷ್ಟ್ರಗಳ ಸ್ಪರ್ಧೆಯನ್ನು ಗೆಲ್ಲಲಿಲ್ಲವೆಂಬುದು ಗಮನಾರ್ಹ.

ಇಷ್ಟನ್ನು ಓದಿದವರು ಯೂನಿಯನ್ ಸಿರಿವಂತರದು, ಲೀಗ್ ಶ್ರಮಿಕರದು ಎಂಬ ಸುಲಭವಾದ ಸೂತ್ರಕ್ಕೆ ಬರಬಹುದು. ಪಕ್ಕದ ವೇಲ್ಸಿಗೆ ಹೋದರೆ ಸಾಕು, ಈ ಸೂತ್ರ ಮುರಿದುಬೀಳುತ್ತದೆ. ವೇಲ್ಸಿನ ದಕ್ಷಿಣ ಭಾಗವೂ ಕಲ್ಲಿದ್ದಲು, ಕಬ್ಬಿಣಗಳ ನಾಡು. ಆದರೆ ಅಲ್ಲಿ ಗಣಿಯಾಳೂ ವೈದ್ಯನೂ ಉಪಾಧ್ಯಾಯನೂ ಒಂದೇ ತಂಡದಲ್ಲಿ ಯೂನಿಯನ್ ಆಟವನ್ನೇ ಆಡಿದರು. ದೊಡ್ಡ ನೆರೆರಾಷ್ಟ್ರದ ಪಕ್ಕದಲ್ಲಿ ಬಾಳುವ ಸಣ್ಣ ಜನಾಂಗಕ್ಕೆ ಇಂಗ್ಲೆಂಡನ್ನು ಸೋಲಿಸುವ ತಂಡವೆಂದರೆ ರಾಷ್ಟ್ರಾಭಿಮಾನದ ಕುರುಹು. ಅದನ್ನು ಒಡೆಯಲು ಯಾರಿಗೂ ಮನಸ್ಸಿರಲಿಲ್ಲ. ಯೂನಿಯನ್ನಿನ ಮುಖಂಡರೂ ಇಲ್ಲಿ ಕಣ್ಣು ಮುಚ್ಚಿಕೊಂಡರು. ವೇಲ್ಸಿನ ಜನಪ್ರಿಯ ಆಟಗಾರ ಆರ್ಥರ್ ಗೂಲ್ಡನಿಗೆ 1897ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಒಂದು ಮನೆಯನ್ನೇ ಉಡುಗೊರೆಯಾಗಿ ಕೊಟ್ಟರು. ಆರು ಷಿಲಿಂಗ್ ತಪ್ಪಾದರೆ ಮನೆ ತಪ್ಪಲ್ಲವೇ ಎಂದು ಕೇಳುವವರು ಕೇಳಿದರು. ಕೆಲಕಾಲ ಗದ್ದಲ ನಡೆದು, ವೇಲ್ಸನ್ನೂ ಕಳೆದುಕೊಳ್ಳಲಾರದೆ, ವಿವಾದವನ್ನು ಹೇಗೋ ಮುಗಿಸಲಾಯಿತು. ಆದರೆ ಹಸಿವಿಗೆ ಇಂಥ ರಾಜಿಗಳು ತಿಳಿಯುವುದಿಲ್ಲ. 1920 ಮತ್ತು 1930ರ ದಶಕಗಳಲ್ಲಿ ಗಣಿಗಳು ಮುಚ್ಚಿ ನಿರುದ್ಯೋಗ ಹಬ್ಬಿದಾಗ ವೇಲ್ಸಿನ ತರುಣರು ಸಾಲುಸಾಲಾಗಿ ಉತ್ತರ ಇಂಗ್ಲೆಂಡಿನ ಲೀಗ್ ಕ್ಲಬ್ಬುಗಳಿಗೆ ಹೊರಟುಹೋದರು. ಅದಕ್ಕೂ ತುಸು ಮೊದಲೇ, 1921ರಲ್ಲಿ, ಕಾರ್ಡಿಫಿನ ಜಿಮ್ ಸಲ್ಲಿವನ್ ವಿಗನ್ ಕ್ಲಬ್ಬಿಗೆ ಸೇರಿದಾಗ ಅವನ ವಯಸ್ಸು ಹದಿನೇಳು. ಹೀಗೆ ಹೋದವರಿಗೆ ತವರಿನ ಯೂನಿಯನ್ ಬಯಲು ಮುಚ್ಚಿದ ಬಾಗಿಲಾಯಿತು.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಯೂನಿಯನ್ ಶ್ರೀಮಂತ ಶಾಲೆಗಳ ಆಟ. ಅಲ್ಲಿಂದ ಕೆಲವೇ ಹರದಾರಿ ದಕ್ಷಿಣದ ಗಡಿನಾಡಿನ ಉಣ್ಣೆಗಿರಣಿ ಪಟ್ಟಣಗಳಲ್ಲಿ ಅದೇ ಯೂನಿಯನ್ ನೇಯ್ಗೆಯವರ ಆಟ. ಒಲಿಂಪಿಕ್ಸಿನಲ್ಲಿ 2016ರಿಂದ ಸ್ಥಾನ ಪಡೆದಿರುವ ಏಳು ಮಂದಿಯ ರಗ್ಬಿಯನ್ನು 1883ರಲ್ಲಿ ಮೆಲ್ರೋಸ್ ಎಂಬ ಅಲ್ಲಿನ ಸಣ್ಣ ಊರಿನಲ್ಲಿ ಮೊದಲಿಗೆ ಸೂಚಿಸಿದವನು ನೆಡ್ ಹೇಗ್ ಎಂಬ ಮಾಂಸದ ವ್ಯಾಪಾರಿ. ಐರ್ಲೆಂಡಿನಲ್ಲಿಯೂ ಡಬ್ಲಿನ್ನಿನ ರಗ್ಬಿಗೂ ಲಿಮರಿಕ್ಕಿನ ರಗ್ಬಿಗೂ ಇಂಥದೇ ಅಂತರವಿದೆ.

ಸಾಗರವನ್ನು ದಾಟಿ ಆಸ್ಟ್ರೇಲಿಯಕ್ಕೆ ಬಂದರೆ ಇಂಗ್ಲೆಂಡಿನ ಕಥೆ ಮತ್ತೆ ನಡೆದುದನ್ನು ಕಾಣುತ್ತೇವೆ. ಸಿಡ್ನಿಯಲ್ಲಿ ಯೂನಿಯನ್ ಪಂದ್ಯಗಳಿಗೆ ಅಪಾರ ಜನ ಸೇರುತ್ತಿದ್ದರು, ಹಣವೂ ಬರುತ್ತಿತ್ತು. ಆದರೆ 1907ರಲ್ಲಿ ಅಲೆಕ್ಸ್ ಬರ್ಡನ್ ಎಂಬ ಆಟಗಾರನು ಗಾಯಗೊಂಡು ಕೆಲಸಕ್ಕೆ ಹೋಗಲಾರದಾದಾಗ ಅವನಿಗೆ ಪರಿಹಾರ ದೊರೆಯಲಿಲ್ಲ. ಅಸಮಾಧಾನಗೊಂಡವರು ಗುಟ್ಟಾಗಿ ಸಭೆ ಸೇರಿದುದು ಎಲ್ಲಿ ಎಂಬುದು ಕ್ರಿಕೆಟ್ ಪ್ರಿಯರಾದ ನಮಗೆ ಸ್ವಾರಸ್ಯವೆನಿಸೀತು: ಆಸ್ಟ್ರೇಲಿಯದ ಮಹಾನ್ ಬ್ಯಾಟುಗಾರ ವಿಕ್ಟರ್ ಟ್ರಂಪರನ ಕ್ರೀಡಾಸಾಮಗ್ರಿಗಳ ಅಂಗಡಿಯಲ್ಲಿ. ಅದೇ ವರ್ಷ ಹೊಸ ಲೀಗ್ ಸಂಸ್ಥೆ ಹುಟ್ಟಿತು. 1908ರಲ್ಲಿ ಪಂದ್ಯಗಳು ಆರಂಭವಾದವು. ಸೌತ್ ಸಿಡ್ನಿ, ಬಾಲ್ಮೇನ್, ನ್ಯೂಟೌನ್ ಮುಂತಾದ ಕಾರ್ಮಿಕ ಬಡಾವಣೆಗಳು ಲೀಗನ್ನು ತಮ್ಮದಾಗಿಸಿಕೊಂಡವು. ಯೂನಿಯನ್ ಶ್ರೀಮಂತ ಖಾಸಗಿ ಶಾಲೆಗಳಲ್ಲಿಯೂ ವಿಶ್ವವಿದ್ಯಾನಿಲಯದಲ್ಲಿಯೂ ಉಳಿಯಿತು. ಇಂಗ್ಲೆಂಡಿಗೂ ಸಿಡ್ನಿಗೂ ಇರುವ ವ್ಯತ್ಯಾಸವೆಂದರೆ, ಸಿಡ್ನಿಯಲ್ಲಿ ಲೀಗೇ ಮುಖ್ಯ ಆಟವಾಗಿ ಬೆಳೆದು ಯೂನಿಯನ್ ಹಿಂದೆ ಸರಿಯಿತು. ಆಸ್ಟ್ರೇಲಿಯದವರ ಮೂಲಕ ಪಪುವಾ ನ್ಯೂಗಿನಿಯನ್ನು ತಲುಪಿದ ಲೀಗ್ ಅಲ್ಲಿ ಇಡೀ ರಾಷ್ಟ್ರದ ಆಟವೇ ಆಗಿಬಿಟ್ಟಿದೆ.

ನೆರೆಯ ನ್ಯೂಜಿಲೆಂಡಿನ ಸ್ಥಿತಿ ಬೇರೆ. ಅಲ್ಲಿ ಲೀಗ್ ಬಂದರೂ ಯೂನಿಯನ್ನನ್ನು ಅಲುಗಾಡಿಸಲಾಗಲಿಲ್ಲ. ಒಕ್ಕಲಿಗ, ಗಣಿಯಾಳು, ಗುಮಾಸ್ತ, ಮಾವೊರಿ ಮೂಲನಿವಾಸಿ ಎಲ್ಲರೂ ಮೊದಲಿನಿಂದಲೇ ಆಡುತ್ತಿದ್ದ ಆಟವದು. 1905ರಲ್ಲಿ ಬ್ರಿಟನ್ನಿಗೆ ಬಂದ ಅವರ ತಂಡದ ಆಟಗಾರರಿಗೆ ದಿನಕ್ಕೆ ಮೂರು ಷಿಲಿಂಗ್ ಭತ್ಯೆಯನ್ನೂ ಕೊಡಲಾಗಿತ್ತು. ಇದನ್ನು ತಿಳಿದ ಸ್ಕಾಟ್ಲೆಂಡಿನ ಅಧಿಕಾರಿಗಳು ಕೆಂಡವಾದರು. ಆದರೆ ಆ ತಂಡವನ್ನು ಬಹಿಷ್ಕರಿಸುವ ಧೈರ್ಯ ಯೂನಿಯನ್ನಿಗೆ ಬರಲಿಲ್ಲ.

ಫ್ರಾನ್ಸಿನಲ್ಲಿ ನಡೆದುದು ಎಲ್ಲಕ್ಕಿಂತ ಕಠೋರ. ಅಲ್ಲಿ ರಗ್ಬಿ ದಕ್ಷಿಣ ಮತ್ತು ನೈರುತ್ಯ ಭಾಗಗಳ ಸಣ್ಣ ಪಟ್ಟಣಗಳಲ್ಲಿ, ದ್ರಾಕ್ಷಿ ಬೆಳೆಯುವ ಹಳ್ಳಿಗಳಲ್ಲಿ ಬೇರೂರಿತು. ಒರಟಾಟ, ಒಳಗೊಳಗೇ ಹಣದ ಕೊಡುಕೊಳ್ಳುವಿಕೆ ಎಂಬ ಆರೋಪದ ಮೇಲೆ 1931ರಲ್ಲಿ ಬ್ರಿಟಿಷ್ ರಾಷ್ಟ್ರಗಳು ಫ್ರಾನ್ಸಿನೊಡನೆ ಆಡುವುದನ್ನೇ ನಿಲ್ಲಿಸಿದವು. ಆಗ 1934ರಲ್ಲಿ ಜಾನ್ ಗಾಲಿಯಾ ಎಂಬಾತನ ಮುಂದಾಳತನದಲ್ಲಿ ಲೀಗ್ ಪ್ರವೇಶಿಸಿ ಶೀಘ್ರವಾಗಿ ಹಬ್ಬಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಶರಣಾದ ಫ್ರಾನ್ಸಿನ ಆಡಳಿತ ಮಾರ್ಷಲ್ ಪೇತಾನನ ವಿಷೀ ಸರ್ಕಾರದ ಕೈಗೆ ಬಂದಿತು. ಅದು 1941ರ ಡಿಸೆಂಬರಿನಲ್ಲಿ ಆಜ್ಞೆ ಹೊರಡಿಸಿ ಲೀಗ್ ಸಂಸ್ಥೆಯನ್ನು ವಿಸರ್ಜಿಸಿ ಅದರ ಆಸ್ತಿಯನ್ನು ಕಿತ್ತುಕೊಂಡಿತು. ಒಂದು ಸರ್ಕಾರ ಒಂದು ಆಟವನ್ನು ಹೀಗೆ ಅಳಿಸಹೊರಟ ನಿದರ್ಶನ ಅಪರೂಪ. ಯುದ್ಧಾನಂತರ ಲೀಗ್ ಮತ್ತೆ ತಲೆಯೆತ್ತಿತಾದರೂ ಕಳೆದ ಆಸ್ತಿ ಮರಳಲಿಲ್ಲ. ‘ರಗ್ಬಿ’ ಎಂಬ ಹೆಸರನ್ನು ಬಳಸುವ ಹಕ್ಕೂ ದೊರೆಯಲಿಲ್ಲ. 1990ರ ದಶಕದ ಆರಂಭದವರೆಗೆ ಅದು ‘ಹದಿಮೂರರ ಆಟ’ ಎಂಬ ಹೆಸರಿನಿಂದಲೇ ನಡೆಯಬೇಕಾಯಿತು.

ದಕ್ಷಿಣ ಆಫ್ರಿಕದಲ್ಲಿ ವರ್ಗದ ಗೆರೆ ವರ್ಣದ ಗೆರೆಯೂ ಆಗಿತ್ತು. ಆಫ್ರಿಕಾನ್ಸ್ ಮಾತಾಡುವ ಬಿಳಿಯರು ಯೂನಿಯನ್ ರಗ್ಬಿಯನ್ನು ತಮ್ಮ ಜನಾಂಗದ ಹೆಮ್ಮೆಯನ್ನಾಗಿ ಮಾಡಿಕೊಂಡರು. ಕೇಪ್ ಪ್ರದೇಶದ ಕಪ್ಪು ಜನರೂ ತಲೆಮಾರುಗಳಿಂದ ಇದೇ ಆಟವನ್ನು ಆಡುತ್ತಿದ್ದರೂ ರಾಷ್ಟ್ರೀಯ ತಂಡದ ಬಾಗಿಲು ಅವರಿಗೆ ಬಹುಕಾಲ ಮುಚ್ಚಿತ್ತು. ವರ್ಣಭೇದ ನೀತಿ ಅಳಿದ ಮೇಲೆ, 1995ರ ಜೂನ್ 24ರಂದು ಜೊಹಾನ್ಸ್‌ಬರ್ಗಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಅಧ್ಯಕ್ಷ ನೆಲ್ಸನ್ ಮಂಡೇಲ ಆ ತಂಡದ ಹಸಿರು ಅಂಗಿಯನ್ನು ತೊಟ್ಟು ಬಂದುದನ್ನು ಜಗತ್ತೇ ನೋಡಿತು. ಅಂದು ಗೆದ್ದ ತಂಡದಲ್ಲಿ ಬಿಳಿಯನಲ್ಲದವನು ಚೆಸ್ಟರ್ ವಿಲಿಯಮ್ಸ್ ಒಬ್ಬನೇ. ಜ್ವಿಡೆ ಎಂಬ ಬಡ ಬಡಾವಣೆಯಲ್ಲಿ ಬೆಳೆದ ಸಿಯಾ ಕೊಲಿಸಿ 2018ರಲ್ಲಿ ರಾಷ್ಟ್ರೀಯ ತಂಡದ ಮೊದಲ ಕಪ್ಪು ನಾಯಕನಾದನು. ಅವನ ನಾಯಕತ್ವದಲ್ಲಿ 2019 ಮತ್ತು 2023ರ ವಿಶ್ವಕಪ್ಪುಗಳೂ ಅವರ ಪಾಲಾದವು.

ಹವ್ಯಾಸಿ ನಿಯಮಕ್ಕೆ ಏನಾಯಿತೆಂಬುದನ್ನು ಈಗ ಹೇಳಬಹುದು. ಯುದ್ಧಕಾಲದಲ್ಲಿ ಸೈನ್ಯ ಸೇರಿದ್ದ ಎರಡೂ ಬಗೆಯ ಆಟಗಾರರು ಒಂದೇ ಬಯಲಿನಲ್ಲಿ ಆಡಲು ತಾತ್ಕಾಲಿಕ ಅನುಮತಿಯಿತ್ತು. 1943 ಮತ್ತು 1944ರಲ್ಲಿ ಯೂನಿಯನ್ ನಿಯಮಗಳ ಪ್ರಕಾರವೇ ನಡೆದ ಎರಡು ಪಂದ್ಯಗಳಲ್ಲಿ ಲೀಗಿನವರೇ ಗೆದ್ದರು. ಯುದ್ಧ ಮುಗಿದೊಡನೆ ಬಹಿಷ್ಕಾರ ಮರಳಿತು. ಅದು ಕಡೆಗೆ ಕುಸಿದುದು ಕಾರ್ಮಿಕನ ಮೇಲಣ ಕರುಣೆಯಿಂದಲ್ಲ, ದೂರದರ್ಶನದ ಹಣದಿಂದ. 1995ರ ಜೂನಿನಲ್ಲಿ ದಕ್ಷಿಣ ಗೋಳಾರ್ಧದ ಮೂರು ಯೂನಿಯನ್ ರಾಷ್ಟ್ರಗಳು ಹತ್ತು ವರ್ಷಗಳ ಪ್ರಸಾರಕ್ಕಾಗಿ 55 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡವು. ಅಷ್ಟು ಹಣ ಬರುವಾಗ ಆಟಗಾರರಿಗೆ ಕೊಡಬೇಡವೆನ್ನುವುದು ಹೇಗೆ? ಆಗಸ್ಟ್ ತಿಂಗಳ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಮಂಡಳಿಯು ಯೂನಿಯನ್ನಿನಲ್ಲಿಯೂ ಸಂಭಾವನೆಗೆ ಅಡ್ಡಿಯಿಲ್ಲವೆಂದು ಸಾರಿತು. ಹಡ್ಡರ್ಸ್‌ಫೀಲ್ಡಿನ ಸಭೆಗೆ ನೂರು ವರ್ಷ ತುಂಬಲು ಆಗ ಎರಡು ಮೂರು ದಿನ ಮಾತ್ರ ಉಳಿದಿತ್ತು. ಅಂದಿನಿಂದ ಆಟಗಾರರು ಎರಡು ಆಟಗಳ ನಡುವೆ ತಡೆಯಿಲ್ಲದೆ ಓಡಾಡುತ್ತಿದ್ದಾರೆ. ಆದರೂ ಇಂಗ್ಲೆಂಡಿನ ಯೂನಿಯನ್ ತಂಡದಲ್ಲಿ ಖಾಸಗಿ ಶಾಲೆಗಳಲ್ಲಿ ಓದಿದವರ ಸಂಖ್ಯೆ, ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಇಂದಿಗೂ ಬಹಳ ಹೆಚ್ಚು.

ಕಾರ್ಡಿಫಿನ ಹಡಗುಕಟ್ಟೆಯ ಬಡಾವಣೆಯಲ್ಲಿ 1934ರಲ್ಲಿ ಹುಟ್ಟಿದ ಬಿಲ್ಲಿ ಬಾಸ್ಟನ್ ಎಂಬಾತನ ತಂದೆ ಸಿಯೆರಾ ಲಿಯೋನ್ ದೇಶದಿಂದ ಬಂದ ನಾವಿಕ. ಮಗನು ವೇಲ್ಸ್ ಯೂನಿಯನ್ ತಂಡದಲ್ಲಿ ಆಡಬೇಕೆಂದು ಆಸೆಪಟ್ಟಿದ್ದನು. ಆ ಕರೆ ಬರಲಿಲ್ಲ. 1953ರಲ್ಲಿ ಅವನು 3,000 ಪೌಂಡುಗಳಿಗೆ ವಿಗನ್ ಲೀಗ್ ಕ್ಲಬ್ಬನ್ನು ಸೇರಿ, ನಿವೃತ್ತನಾಗುವ ವೇಳೆಗೆ 571 ಟ್ರೈಗಳನ್ನು ಗಳಿಸಿದನು. ಯೂನಿಯನ್ ಆಟಗಾರರು ಹಲವರಿಗೆ ಬ್ರಿಟನ್ನಿನ ರಾಜಮನ್ನಣೆಯಾದ ‘ಸರ್’ ಪದವಿ ಸಂದಿತ್ತು. ಲೀಗ್ ಆಟಗಾರನೊಬ್ಬನಿಗೆ ಅದು ಮೊದಲ ಬಾರಿಗೆ ದೊರೆತುದು 2025ರಲ್ಲಿ, ಆಟ ಹುಟ್ಟಿ 130 ವರ್ಷಗಳಾದ ಮೇಲೆ. ಅದನ್ನು ಪಡೆದವನು ಬಿಲ್ಲಿ ಬಾಸ್ಟನ್. ಆಗ ಅವನ ವಯಸ್ಸು ತೊಂಬತ್ತು.